ಜೀವನಾಂಶದ ಆರ್ಡರ್ ಆಗಿದೆ, ಮಗನ ಅಂಗವಿಕಲರ ಪೆನ್ಷನ್ ನಿಂತಿದೆ. ಎರಡಕ್ಕೂ ಸಂಬಂಧ ಇದೆಯಾ?

ಹೊಲಿಗೆಮನೆ (ಹಾಸನ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ.

ನನ್ನ ಮಗನಿಗೆ 11 ವರ್ಷ. ಸೆರೆಬ್ರಲ್ ಪಾಲ್ಸಿ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) 80 ಪರ್ಸೆಂಟ್ ವೈಕಲ್ಯ ಅಂತ ಇದೆ. ನಡೆಯುವುದಿಲ್ಲ, ಮಾತು ನಾಲ್ಕೈದು. ಆದರೆ ಬಸ್ಸಿನ ಹಾರ್ನ್ ಕೇಳಿದರೆ ಅದು ಸರ್ಕಾರಿ ಬಸ್ಸೋ ಪ್ರೈವೇಟ್ ಬಸ್ಸೋ ಅಂತ ಅವನಿಗೆ ಗೊತ್ತಾಗುತ್ತದೆ. ಐದು ವರ್ಷದಿಂದ ನಾನು ಅವನನ್ನು ಕರೆದುಕೊಂಡು ತವರಲ್ಲಿದ್ದೇನೆ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ಆಲೂಗಡ್ಡೆ ಕೀಳುವ ಸಮಯದಲ್ಲಿ ಕೂಲಿಗೂ ಹೋಗುತ್ತಿದ್ದೆ. ಈಗ ಅವನು ತೂಕ ಬಂದಿದ್ದಾನೆ, ಅಮ್ಮನ ಕೈಲಿ ಎತ್ತಲು ಆಗುವುದಿಲ್ಲ, ಹಾಗಾಗಿ ಹೊಲಿಗೆ ಒಂದೇ.

2019ರಲ್ಲಿ ಅವನಿಗೆ ಪೆನ್ಷನ್ ಮಂಜೂರಾಯಿತು. 75 ಪರ್ಸೆಂಟಿಗಿಂತ ಜಾಸ್ತಿ ಇದ್ದುದಕ್ಕೆ ಆಗ 1,400 ರೂಪಾಯಿ. ಅದು ನೇರವಾಗಿ ಡೈಪರಿಗೆ ಮತ್ತು ಫಿಟ್ಸ್ ಸಿರಪ್ಪಿಗೆ ಹೋಗುತ್ತದೆ. ಕೈಯಲ್ಲಿ ನಿಲ್ಲುವುದು ಅಂತೇನಿಲ್ಲ.

ಮಗನ ಅಪ್ಪ ಮೂಡಿಗೆರೆ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ (ಲೆಕ್ಕ, ಹಾಜರಿ ಬರೆಯುವ ಕೆಲಸ). ಕೇಸ್ ಹಾಕಿದ್ದೆ. 2024ರ ಆಗಸ್ಟಿನಲ್ಲಿ ಮಗನಿಗೆ ತಿಂಗಳಿಗೆ 6,000 ಕೊಡಬೇಕು ಅಂತ ಆರ್ಡರ್ ಆಯಿತು. ಸೆಪ್ಟೆಂಬರಿನಿಂದ ಜನವರಿವರೆಗೆ ಐದು ತಿಂಗಳು ಕೊಟ್ಟರು. ಈ ವರ್ಷ, ಅಂದರೆ 2025ರ ಫೆಬ್ರವರಿಯಿಂದ ಒಂದು ಪೈಸೆ ಇಲ್ಲ. ಇದು ನವೆಂಬರ್, ಹತ್ತು ತಿಂಗಳಾಯಿತು. ಫೋನ್ ಮಾಡಿದರೆ "ನಿನಗೆ ಗೌರ್ಮೆಂಟ್ ಕೊಡ್ತಾ ಇದೆಯಲ್ಲ, ಇನ್ನೆಷ್ಟು ಬೇಕು" ಅನ್ನುತ್ತಾರೆ.

ಈಗ ನನ್ನ ಪ್ರಶ್ನೆ. ಆಗಸ್ಟಿನಲ್ಲಿ ನಮ್ಮ ಗ್ರಾಮ ಆಡಳಿತ ಅಧಿಕಾರಿ ಪೆನ್ಷನ್ ಪರಿಶೀಲನೆಗೆ ಮನೆಗೆ ಬಂದಿದ್ದರು. ನನ್ನ ಅಪ್ಪ ಮಾತಿನ ನಡುವೆ ಕೋರ್ಟ್ ಆರ್ಡರ್ ವಿಷಯ ಹೇಳಿಬಿಟ್ಟರು. "ತಿಂಗಳಿಗೆ ಆರು ಸಾವಿರ ಅಂದರೆ ವರ್ಷಕ್ಕೆ 72,000 ಆಯಿತಲ್ಲ. ಮಿತಿ ಇರೋದು 32,000. ನಿಮಗೆ ಬರಲ್ಲ" ಅಂತ ಹೇಳಿ ಹೋದರು. ಸೆಪ್ಟೆಂಬರಿನಿಂದ ಬ್ಯಾಂಕ್ ಖಾತೆಗೆ ಪೆನ್ಷನ್ ಬಂದಿಲ್ಲ. ಮೂರು ತಿಂಗಳು ಆಯಿತು.

ಅಂದರೆ ನನಗೆ ಎರಡೂ ಕಡೆ ಹೋಯಿತು, ಅಲ್ವಾ? ಇವರು ಕೊಡುತ್ತಾರೆ ಅಂತ ಸರ್ಕಾರ ನಿಲ್ಲಿಸಿದೆ. ಸರ್ಕಾರ ಕೊಡುತ್ತದೆ ಅಂತ ಇವರು ನಿಲ್ಲಿಸಿದ್ದಾರೆ.

ಇನ್ನೊಂದು ವಿಷಯ. ಅವರ ಕಡೆ ವಕೀಲರು ರಾಜಿಗೆ ಕರೆದಿದ್ದಾರೆ. ಒಂದೇ ಸಲ ಮೂರು ಲಕ್ಷ ಕೊಟ್ಟು ಮುಗಿಸೋಣ, ಆರ್ಡರ್ ವಾಪಸ್ ತಗೊಂಡರೆ ನಿಮ್ಮ ಪೆನ್ಷನ್ನೂ ಉಳಿಯುತ್ತದೆ ಅಂತ. ಅಪ್ಪನಿಗೆ ಅದು ಸರಿ ಅನ್ನಿಸಿದೆ. ನನಗೆ ಮನಸ್ಸಿಲ್ಲ, ಆದರೆ ಯಾಕೆ ಅಂತ ಅಪ್ಪನಿಗೆ ಬಿಡಿಸಿ ಹೇಳಲು ಬರುತ್ತಿಲ್ಲ. ತಿಳಿದವರು ಹೇಳಿ. ಊರಿನ ಹೆಸರು ಕೇಳಬೇಡಿ, ಎಲ್ಲರೂ ಎಲ್ಲರಿಗೂ ಗೊತ್ತು.

---

ಘಾಟಿ ಹುಡುಗ (ಸಕಲೇಶಪುರ)

ಅಕ್ಕ, ನಿಮ್ಮ ಅಪ್ಪ ಹೇಳಬಾರದಿತ್ತು. ಇನ್ನು ಮುಂದೆ ಜೀವನಾಂಶ ಬರುತ್ತದೆ ಅಂತ ಯಾರ ಹತ್ತಿರವೂ ಬಾಯಿ ಬಿಡಬೇಡಿ. ಹೊಸದಾಗಿ ಆದಾಯ ಪ್ರಮಾಣ ಪತ್ರ ಮಾಡಿಸಿ, 20,000 ಅಂತ ಬರೆಸಿ. ಎಲ್ಲರೂ ಮಾಡೋದು ಅದೇ. ಕಾಫಿ ತೋಟ ಇರೋರೇ ಬರೆಸ್ತಾರೆ, ನಿಮಗೇನು.

---

ಮಾಜಿ ಶಾನುಭೋಗ (ಅರಸೀಕೆರೆ)

ನಾನು ಕಂದಾಯ ಇಲಾಖೆಯಲ್ಲಿ ಗ್ರಾಮ ಲೆಕ್ಕಿಗನಾಗಿ ಸೇರಿ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ನಿವೃತ್ತಿ ಆದವನು. ಮೇಲಿನ ಹುಡುಗ ಹೇಳಿದ್ದನ್ನು ದಯವಿಟ್ಟು ಮಾಡಬೇಡಮ್ಮ. ನೀತಿ ಹೇಳಲು ಬಂದಿಲ್ಲ. ನಿನಗೇ ತಿರುಗಿ ಬೀಳುತ್ತದೆ ಅಂತ ಹೇಳುತ್ತಿದ್ದೇನೆ.

ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಹೇಳಿದೆ. ನೀನೂ ಕೊಟ್ಟಿರುತ್ತೀಯ. ಅದರಲ್ಲಿ ಹೊಲಿಗೆಯಿಂದ ಎಷ್ಟು ಅಂತ ಬರೆದಿದ್ದೀಯ ನೋಡಿಕೋ. ಕೋರ್ಟಿನಲ್ಲಿ ಒಂದು ಲೆಕ್ಕ, ನಾಡಕಚೇರಿಯಲ್ಲಿ ಇನ್ನೊಂದು ಲೆಕ್ಕ ಇದ್ದರೆ ಎದುರು ವಕೀಲರಿಗೆ ಅದಕ್ಕಿಂತ ರುಚಿಯಾದ ಊಟ ಇಲ್ಲ. "ಇವರು ಸರ್ಕಾರಕ್ಕೇ ಸುಳ್ಳು ಹೇಳಿದ್ದಾರೆ ಸ್ವಾಮಿ" ಅಂತ ಶುರು ಮಾಡುತ್ತಾರೆ. ಪೆನ್ಷನ್ ಬರುತ್ತಿದ್ದದ್ದನ್ನೂ ಅದರಲ್ಲಿ ಬರೆದಿರಬೇಕು.

ಈಗ 32,000ದ ವಿಷಯ. ಈ ಸಾಮಾಜಿಕ ಭದ್ರತಾ ಪೆನ್ಷನ್‌ಗಳಿಗೆ ಕುಟುಂಬದ ವಾರ್ಷಿಕ ಆದಾಯ ಅಷ್ಟರೊಳಗೆ ಇರಬೇಕು ಎನ್ನುವುದು ನಿಜ. ಅಂದರೆ ತಿಂಗಳಿಗೆ 2,667 ರೂಪಾಯಿ. ಇದರಲ್ಲಿ ಯಾವ ಕುಟುಂಬ ಬದುಕುತ್ತದೆ? 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಸರ್ಕಾರವೇ ಕೊಡುವ ನೂರು ದಿನದ ಕೆಲಸ ಒಬ್ಬ ಪೂರ್ತಿ ಮಾಡಿದರೆ 37,000. ಅಲ್ಲಿಗೆ ಮಿತಿ ದಾಟಿತು! ನಾನು ಸರ್ವೀಸಿನಲ್ಲಿ ಇದ್ದಾಗ ಈ ಮಾತನ್ನು ಮೀಟಿಂಗಿನಲ್ಲಿ ಹೇಳಿ ಬೈಸಿಕೊಂಡಿದ್ದೆ. ಹಾಗಾಗಿಯೇ ಕೆಳಗಿನವರು 22,000, 24,000 ಅಂತ ಬರೆಯುವುದು. ನಾನೂ ಬರೆದಿದ್ದೇನೆ. ಬರೆಯದಿದ್ದರೆ ಒಂದು ಊರಲ್ಲೂ ಒಬ್ಬರಿಗೂ ಪೆನ್ಷನ್ ಸಿಗುತ್ತಿರಲಿಲ್ಲ.

ಆದರೆ ನಿನ್ನ ವಿಷಯದಲ್ಲಿ ಆ ಅಧಿಕಾರಿ ಮಾಡಿದ ಗುಣಾಕಾರ ತಪ್ಪು. ಆರ್ಡರಿನ ಕಾಗದವನ್ನು ಹನ್ನೆರಡರಿಂದ ಗುಣಿಸಿದ್ದಾರೆ. ಆದಾಯ ಅಂದರೆ ಬಂದದ್ದು, ಬರಬೇಕಾದದ್ದಲ್ಲ. ಹೋದ ವರ್ಷದ ಡಿಸೆಂಬರ್ ಒಂದರಿಂದ ಇವತ್ತಿನವರೆಗೆ ನಿನ್ನ ಪಾಸ್‌ಬುಕ್ ತೆಗೆ. ಡಿಸೆಂಬರ್ ಆರು, ಜನವರಿ ಆರು, ಒಟ್ಟು ಹನ್ನೆರಡು ಸಾವಿರ. ಅಷ್ಟೇ ಬಂದಿರುವುದು. ಈ ಏಪ್ರಿಲ್‌ನಿಂದ ಲೆಕ್ಕ ಹಾಕಿದರೆ ಸೊನ್ನೆ. ಪಾಸ್‌ಬುಕ್ ಎಂಟ್ರಿ ಹಾಕಿಸಿ ಜೆರಾಕ್ಸ್ ಮಾಡಿಸು. ತಹಶೀಲ್ದಾರರಿಗೆ ಒಂದು ಪುಟದ ಅರ್ಜಿ ಬರೆ. "ಆದೇಶ ಆಗಿರುವುದು ನಿಜ, ಇಂಥ ತಿಂಗಳಿಂದ ಪಾವತಿ ಆಗಿಲ್ಲ, ಬಾಕಿ ವಸೂಲಿಗೆ ಕೋರ್ಟಿಗೆ ಹೋಗುತ್ತಿದ್ದೇನೆ" ಅಂತ. ಮುಚ್ಚಿಡುವುದೂ ಬೇಡ, ಇಲ್ಲದ್ದನ್ನು ಒಪ್ಪಿಕೊಳ್ಳುವುದೂ ಬೇಡ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಬಾ. ಸೀಲು ಇಲ್ಲದ ಅರ್ಜಿ ಗಾಳಿಗೆ ಹೇಳಿದ ಹಾಗೆ.

ನಾಳೆ ಅವನು ಪ್ರತಿ ತಿಂಗಳು ಸರಿಯಾಗಿ ಕೊಡಲು ಶುರು ಮಾಡಿದರೆ ಆಗ ಮಿತಿಯ ಪ್ರಶ್ನೆ ನಿಜವಾಗಿ ಏಳುತ್ತದೆ. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆಗಲೂ 1,400ಕ್ಕೆ ಹೆದರಿ 6,000 ಬಿಡುವ ಲೆಕ್ಕ ಯಾವ ಊರಿನದು?

ಕೊನೆಗೆ ಒಂದು ಅನುಮಾನ. ಬಾಯಿಮಾತಿನಲ್ಲಿ "ಬರಲ್ಲ" ಅಂದವರು ನಿಜವಾಗಿ ನಿಲ್ಲಿಸಿದ್ದಾರಾ? ಪೆನ್ಷನ್ ರದ್ದು ಮಾಡಲು ನೋಟಿಸ್ ಬೇಕು, ಕಾರಣ ಬರೆದ ಆದೇಶ ಬೇಕು. ನಿನಗೆ ಬಂದಿದೆಯಾ? ಬಂದಿಲ್ಲ ಅಂದರೆ ಮೊದಲು ತಾಲೂಕು ಆಫೀಸಿನ ಪೆನ್ಷನ್ ಕೇಸ್‌ವರ್ಕರ್ ಹತ್ತಿರ ಮಗನ ಆಧಾರ್ ನಂಬರ್ ಕೊಟ್ಟು ಹಣ ಎಲ್ಲಿಗೆ ಹೋಗಿದೆ ಅಂತ ಕೇಳು. ಇತ್ತೀಚೆಗೆ ಮಗನ ಹೆಸರಿನಲ್ಲಿ ಬೇರೆ ಯಾವುದಾದರೂ ಖಾತೆ ಮಾಡಿಸಿದ್ದೀಯಾ?

---

ಹೊಲಿಗೆಮನೆ

ಸರ್, ನೋಟಿಸ್ ಏನೂ ಬಂದಿಲ್ಲ. ಖಾತೆ ಅಂದರೆ, ಜುಲೈನಲ್ಲಿ ಸ್ಕಾಲರ್‌ಶಿಪ್‌ಗೆ ಬೇಕು ಅಂತ ಸ್ಕೂಲಲ್ಲಿ ಹೇಳಿದ್ದಕ್ಕೆ ಪೋಸ್ಟ್ ಬ್ಯಾಂಕಿನಲ್ಲಿ ಒಂದು ಮಾಡಿಸಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮತ್ತೆ ನೀವು ಹೇಳಿದ ಅಫಿಡವಿಟ್ ತೆಗೆದು ನೋಡಿದೆ. ಹೊಲಿಗೆಯಿಂದ ತಿಂಗಳಿಗೆ 2,500 ಅಂತ ಬರೆದಿದ್ದೇವೆ. ನಿಜ ಹೇಳಬೇಕೆಂದರೆ ಗೌರಿ ಹಬ್ಬದ ತಿಂಗಳು ಐದು ಸಾವಿರ ಬರುತ್ತದೆ, ಆಷಾಢದಲ್ಲಿ ಐನೂರೂ ಇಲ್ಲ. ಆದಾಯ ಪ್ರಮಾಣ ಪತ್ರದಲ್ಲಿ 24,000 ಇದೆ. ಅದನ್ನು ನಾನು ಹೇಳಿದ್ದಲ್ಲ, ಅವರೇ ಬರೆದದ್ದು.

---

ಮಾಜಿ ಶಾನುಭೋಗ

ಸಂಬಂಧ ಅಲ್ಲೇ ಇದೆ ತಾಯಿ. ಸರ್ಕಾರದ ಹಣ ಈಗ ಖಾತೆ ನಂಬರಿಗೆ ಹೋಗುವುದಿಲ್ಲ, ಆಧಾರ್‌ಗೆ ಹೋಗುತ್ತದೆ. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆ ಜೋಡಣೆ ಆಗಿದೆಯೋ ಅಲ್ಲಿ ಬಂದು ಬೀಳುತ್ತದೆ. ಪೋಸ್ಟ್ ಬ್ಯಾಂಕ್ ಖಾತೆ ಮಾಡುವಾಗ ಜೋಡಿಸಿರುತ್ತಾರೆ. ಹೋಗಿ ನೋಡು.

ತಿಂಗಳಿಗೆ 2,500 ಅಂದರೆ ವರ್ಷಕ್ಕೆ 30,000. 24,000ಕ್ಕೂ ಅದಕ್ಕೂ ಇರುವ ವ್ಯತ್ಯಾಸ ದೊಡ್ಡದಲ್ಲ, ಈ ಏಪ್ರಿಲ್‌ನಿಂದ ಜೀವನಾಂಶ ಬಂದೇ ಇಲ್ಲವಾದ್ದರಿಂದ ಎರಡೂ ಮಿತಿಯ ಒಳಗೇ ಇವೆ. ಆದರೆ ಮುಂದಿನ ಸಲ ಪ್ರಮಾಣ ಪತ್ರ ಮಾಡಿಸುವಾಗ ಕೋರ್ಟಿನಲ್ಲಿ ಕೊಟ್ಟ ಲೆಕ್ಕವನ್ನೇ ಕೊಡು.

---

ಮುಳ್ಳಯ್ಯನಗಿರಿ ನೆರಳು (ಚಿಕ್ಕಮಗಳೂರು)

ತಂಗಿ, ಪೆನ್ಷನ್ ವಿಷಯ ಅವರು ಹೇಳಿದ್ದಾರೆ. ನಾನು ಮೂರು ಲಕ್ಷದ ವಿಷಯ ಹೇಳುತ್ತೇನೆ. ನಾನು ಆ ದಾರಿಯಲ್ಲಿ ಹೋಗಿ ಎಡವಿದವಳು.

ನನ್ನ ಮಗಳಿಗೆ ಈಗ 19. ಬುದ್ಧಿಮಾಂದ್ಯತೆ. ಅವಳು ಚಿಕ್ಕವಳಿದ್ದಾಗ ಇಬ್ಬರೂ ಒಪ್ಪಿ ಡೈವೋರ್ಸ್ ಮಾಡಿಕೊಂಡೆವು. ಒಪ್ಪಂದದಲ್ಲಿ "ಮಗುವಿಗೆ 18 ತುಂಬುವವರೆಗೆ" ಅಂತ ಒಂದು ಸಾಲು ಇತ್ತು. ಆಗ ನನ್ನ ತಲೆಗೆ ಹೋಗಲೇ ಇಲ್ಲ. 18 ಆದ ತಿಂಗಳಿಂದ ಹಣ ನಿಂತಿತು. ಆ ಸಾಲು ತೋರಿಸಿದರು. 18 ತುಂಬಿದ ದಿನ ನನ್ನ ಮಗಳಿಗೇನು ಬುದ್ಧಿ ಬಂದುಬಿಟ್ಟಿತಾ? ಅವತ್ತೂ ನಾನೇ ತಲೆ ಬಾಚಿದ್ದು.

ಆಮೇಲೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಹೇಳಿದ ಮೇಲೆ ಗೊತ್ತಾಯಿತು. ಹಳೆಯ ಅಪರಾಧ ಪ್ರಕ್ರಿಯೆ ಕಾನೂನು ಸಿಆರ್‌ಪಿಸಿಯ 125ರಲ್ಲಿ, ಈಗ 2024ರ ಜುಲೈನಿಂದ ಬಂದಿರುವ ಬಿಎನ್‌ಎಸ್‌ಎಸ್ 144ರಲ್ಲಿ, ಸ್ಪಷ್ಟವಾಗಿ ಇದೆ. ದೇಹದ ಅಥವಾ ಮನಸ್ಸಿನ ತೊಂದರೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ಮಕ್ಕಳಿಗೆ 18 ಆದ ಮೇಲೂ ತಂದೆ ಜೀವನಾಂಶ ಕೊಡಬೇಕು. ಮದುವೆಯಾದ ಹೆಣ್ಣುಮಗಳನ್ನು ಮಾತ್ರ ಬಿಟ್ಟಿದ್ದಾರೆ. ಮತ್ತೆ ಅರ್ಜಿ ಹಾಕಿದೆ. ಈಗ ಮಧ್ಯಂತರ ಅಂತ ಸ್ವಲ್ಪ ಬರುತ್ತಿದೆ. ವರ್ಷದ ಮೇಲೆ ತಿರುಗಿದ್ದು ಮಾತ್ರ ನನ್ನ ಕಾಲು.

ನಿನ್ನ ಮೂರು ಲಕ್ಷವನ್ನು ಆರು ಸಾವಿರದಿಂದ ಭಾಗಿಸು. 50 ತಿಂಗಳು. ನಾಲ್ಕು ವರ್ಷ ಎರಡು ತಿಂಗಳು. ಅಷ್ಟೊತ್ತಿಗೆ ನಿನ್ನ ಮಗನಿಗೆ 15. ಆಮೇಲೆ? ನಿಮ್ಮ ಅಪ್ಪನಿಗೆ ಇದನ್ನು ಹೇಳು, ಬೇರೆ ಏನೂ ಬೇಡ. ಅದೂ ಅಲ್ಲದೆ ಬಾಕಿ ಇರುವ 60,000ವನ್ನೂ ಅದರಲ್ಲೇ ಸೇರಿಸಿ ಹೇಳುತ್ತಿರುತ್ತಾರೆ, ಕೇಳಿ ನೋಡು. ಜೀವನಾಂಶ ಮಗುವಿನದು. ನಾವು ಸಹಿ ಹಾಕಿ ಬಿಟ್ಟುಕೊಡಲು ಅದು ನಮ್ಮದಲ್ಲ. ಈ ಮಾತು ನನಗೂ ಆಗ ಯಾರೂ ಹೇಳಲಿಲ್ಲ.

ಇದು ಅರ್ಜೆಂಟ್, ಗಮನವಿಟ್ಟು ಓದು. ಬಾಕಿ ವಸೂಲಿಗೆ ಅರ್ಜಿ ಹಾಕಲು ಒಂದು ವರ್ಷದ ಗಡುವು ಇದೆ. ಈ ಫೆಬ್ರವರಿಯ 6,000ಕ್ಕೆ ಬರುವ ಫೆಬ್ರವರಿಯೊಳಗೆ ಅರ್ಜಿ ಬೀಳದಿದ್ದರೆ ಅದಕ್ಕೆ ಕೋರ್ಟಿನ ವಸೂಲಿ ವಾರಂಟ್ ಸಿಗುವುದಿಲ್ಲ. ಮಾರ್ಚಿನದು ಮಾರ್ಚಿಗೆ. ಹೀಗೆ ಒಂದೊಂದೇ ಉದುರುತ್ತಾ ಹೋಗುತ್ತದೆ. ಅವರು ರಾಜಿ ರಾಜಿ ಅಂತ ಎಳೆಯುತ್ತಿರುವುದು ಯಾಕೆ ಅಂತ ಈಗ ಗೊತ್ತಾಯಿತಾ? ವಾರಂಟ್ ಆದ ಮೇಲೂ ಕೊಡದಿದ್ದರೆ ಜೈಲಿಗೂ ಕಳಿಸಬಹುದು. ಒಳಗಿದ್ದು ಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ.

ವಕೀಲರ ಫೀಸಿಗೆ ಹೆದರಬೇಡ. ಹಾಸನದ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಉಚಿತ, ಆದಾಯದ ಮಿತಿ ಇಲ್ಲವೇ ಇಲ್ಲ. ನೀವಿಬ್ಬರೂ ಸೇರಿ ಮೂರೂ ಆಗುತ್ತೀರಿ.

ಇನ್ನು, ಪೆನ್ಷನ್ ಒಂದು ಹೋದರೆ ಎಲ್ಲವೂ ಹೋಗುತ್ತದೆ ಅಂತ ಅಂದುಕೊಳ್ಳಬೇಡ. ಯುಡಿಐಡಿ ಕಾರ್ಡಿಗೆ ಆದಾಯ ಕೇಳುವುದಿಲ್ಲ. ರೇಷನ್ ಕಾರ್ಡಿನ ಮಿತಿ ಬೇರೆ, ವರ್ಷಕ್ಕೆ 1.20 ಲಕ್ಷ. ಆರು ಸಾವಿರ ಪೂರ್ತಿ ಬಂದು ಹೊಲಿಗೆಯ ದುಡ್ಡು ಸೇರಿದರೂ ನೀನು ಅದರೊಳಗೇ ಇದ್ದೀಯ. ನಿರಾಮಯ ಇನ್ಶೂರೆನ್ಸ್ ಮಾಡಿಸಿದ್ದೀಯಾ? ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನದು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ, ವರ್ಷಕ್ಕೆ 1 ಲಕ್ಷದವರೆಗೆ. ಆಸ್ಪತ್ರೆಗೆ ಸೇರದಿದ್ದರೂ ಫಿಸಿಯೋಥೆರಪಿ ಬಿಲ್ಲಿಗೆ ಬರುತ್ತದೆ. ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂಗೆ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಗೊತ್ತಿರುತ್ತದೆ. ಅವರೂ ಅಂಗವಿಕಲರೇ ಆಗಿರುತ್ತಾರೆ, ನಮ್ಮ ಕಷ್ಟ ಬೇಗ ಅರ್ಥ ಆಗುತ್ತದೆ.

---

ಹಾಸನಾಂಬೆ ಮಗ (ನ್ಯೂಜೆರ್ಸಿ)

ನಾನು ಹಾಸನದ ಉತ್ತರ ಬಡಾವಣೆಯವನು, ಈಗ ಅಮೆರಿಕದಲ್ಲಿ. ಅಕ್ಕನಿಗೆ ನೇರ ಉಪಯೋಗ ಇಲ್ಲದಿರಬಹುದು. ಆದರೆ ಇದೇ ಗೊಂದಲ ಇಲ್ಲಿ ನಮ್ಮ ಪಕ್ಕದ ಮನೆಯ ಕನ್ನಡದವರಿಗೆ ಬಂದಿತ್ತು. ಅವರು ಸಿಟಿಜನ್. ಮಗುವಿಗೆ ಆಟಿಸಂ, ಗಂಡ ಹೆಂಡತಿ ಬೇರೆ ಆಗಿದ್ದಾರೆ. ಅವರ ಜೊತೆ ಕಾಗದ ಹಿಡಿದು ಓಡಾಡಿದ್ದರಿಂದ ನನಗೆ ಗೊತ್ತು.

ಇಲ್ಲಿ ಬಡ ಕುಟುಂಬದ ಅಂಗವಿಕಲ ಮಕ್ಕಳಿಗೆ ಎಸ್‌ಎಸ್‌ಐ ಅಂತ ಕೊಡುತ್ತಾರೆ. ತಂದೆ ಕೊಡುವ ಚೈಲ್ಡ್ ಸಪೋರ್ಟ್ (ಮಗುವಿನ ಜೀವನಾಂಶ) ಅನ್ನು ಅದರಲ್ಲಿ ಹೇಗೆ ಲೆಕ್ಕ ಹಿಡಿಯಬೇಕು ಅಂತ ನಿಯಮ ಬರೆದಿಟ್ಟಿದ್ದಾರೆ. ಮಗುವಿಗೆ ಬಂದ ಹಣದಲ್ಲಿ ಮೂರನೇ ಒಂದು ಭಾಗ ಬಿಟ್ಟುಬಿಡುತ್ತಾರೆ. ಉಳಿದ ಎರಡು ಭಾಗ ಮಗುವಿನ ಆದಾಯ. ಅದರಲ್ಲೂ 20 ಡಾಲರ್ ಕಳೆಯುತ್ತಾರೆ.

ತಂದೆ ತಿಂಗಳಿಗೆ 600 ಡಾಲರ್ ಕೊಟ್ಟ ಅಂತ ಇಟ್ಟುಕೊಳ್ಳಿ. 200 ಲೆಕ್ಕಕ್ಕಿಲ್ಲ. 400ರಲ್ಲಿ 20 ಹೋಗಿ 380. 2025ರಲ್ಲಿ ಕೇಂದ್ರ ಸರ್ಕಾರ ಕೊಡುವ ಗರಿಷ್ಠ ಎಸ್‌ಎಸ್‌ಐ 967 ಡಾಲರ್. ಅದರಲ್ಲಿ 380 ಕಡಿತ ಆಗಿ 587 ಬರುತ್ತದೆ. ತಾಯಿಯ ಸಂಬಳವನ್ನೂ ಬೇರೆ ಒಂದು ಸೂತ್ರದಲ್ಲಿ ಹಿಡಿಯುತ್ತಾರೆ, ಅದು ಸದ್ಯ ಬೇಡ. ಒಟ್ಟಿನಲ್ಲಿ ನಿಲ್ಲುವುದಿಲ್ಲ, ಕಡಿಮೆ ಆಗುತ್ತದೆ. ತಾಯಿಗೆ ಎರಡೂ ಸೇರಿ 1,187 ಸಿಗುತ್ತದೆ, ಬರೀ ಎಸ್‌ಎಸ್‌ಐಗಿಂತ 220 ಜಾಸ್ತಿ. ನಿಮ್ಮಲ್ಲಿ 32,000 ಅಂತ ಒಂದು ಗೆರೆ ಎಳೆದು, ದಾಟಿದರೆ ಪೂರ್ತಿ ಇಲ್ಲ ಅನ್ನುತ್ತಾರಲ್ಲ, ಅದೇ ನನಗೆ ಕೆಟ್ಟದ್ದು ಅನ್ನಿಸುವುದು.

ಶಾನುಭೋಗರು ಹೇಳಿದ ಮಾತು ಇಲ್ಲೂ ಅದೇ. ಕೋರ್ಟ್ ಬರೆದದ್ದಲ್ಲ, ಕೈಗೆ ಬಂದದ್ದು ಲೆಕ್ಕ. ಆ ತಿಂಗಳು ಬರಲಿಲ್ಲ ಅಂದರೆ ಕಡಿತ ಇಲ್ಲ. ಆದರೆ ಬಂದಾಗ ತಿಳಿಸಲೇಬೇಕು, ಇಲ್ಲದಿದ್ದರೆ ಜಾಸ್ತಿ ಕೊಟ್ಟಿದ್ದೇವೆ ಅಂತ ಆಮೇಲೆ ವಾಪಸ್ ಕೇಳುತ್ತಾರೆ. ಪಕ್ಕದ ಮನೆಯವರಿಗೆ ಹಾಗೇ ಆಗಿತ್ತು.

ಇಲ್ಲೂ 18ಕ್ಕೆ ಒಂದು ತೊಡಕಿದೆ. ಮಗು ದೊಡ್ಡದಾದ ಮೇಲೆ (ಇನ್ನೂ ಓದುತ್ತಿದ್ದರೆ 22 ತುಂಬಿದ ಮೇಲೆ) ಆ ಮೂರನೇ ಒಂದು ಭಾಗದ ರಿಯಾಯಿತಿ ಇಲ್ಲ. ಪೂರ್ತಿ ಹಣ ಮಗುವಿನ ಆದಾಯ ಆಗುತ್ತದೆ. ಅದಕ್ಕೇ ಇಲ್ಲಿನ ವಕೀಲರು ಕೋರ್ಟ್ ಆರ್ಡರಿನಲ್ಲೇ ಆ ಹಣ ಸ್ಪೆಷಲ್ ನೀಡ್ಸ್ ಟ್ರಸ್ಟಿಗೆ (ಅಂಗವಿಕಲರಿಗಾಗಿ ಹಣ ಇಟ್ಟು ನೋಡಿಕೊಳ್ಳುವ ಟ್ರಸ್ಟ್) ಹೋಗುವ ಹಾಗೆ ಬರೆಸುತ್ತಾರೆ. ಹಾಗೆ ಹೋದರೆ ಆದಾಯ ಅಂತ ಹಿಡಿಯುವುದಿಲ್ಲ.

ನಮ್ಮೂರಿನವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಎಚ್‌1ಬಿ ಅನ್ನುವ ಕೆಲಸದ ವೀಸಾದಲ್ಲಿ ಇಲ್ಲಿಗೆ ಬಂದವರಿಗೆ ಎಸ್‌ಎಸ್‌ಐ ಇಲ್ಲ.

---

ಘಾಟಿ ಹುಡುಗ

ಸರಿ ಸರ್, ನಾನು ಹೇಳಿದ್ದು ತಪ್ಪು ಅಂತಾಯ್ತು. ನಮ್ಮ ದೊಡ್ಡಮ್ಮನ ಪ್ರಮಾಣ ಪತ್ರಕ್ಕೆ ಹಾಗೇ ಮಾಡಿದ್ದೆವು, ಅದಕ್ಕೆ ಹೇಳಿದೆ. ಅವರಿಗೇನು ಕೋರ್ಟ್ ಇರಲಿಲ್ಲ.

ಅಕ್ಕ, ಎಸ್ಟೇಟ್ ರೈಟರ್ ಅಂದರೆ ಸಂಬಳದ ಜೊತೆ ಮನೆ, ಕರೆಂಟು, ಸೌದೆ ಎಲ್ಲ ಎಸ್ಟೇಟಿನದೇ ಇರುತ್ತದೆ. ನಮ್ಮಪ್ಪನೂ ಅದೇ ಕೆಲಸ. ಕೋರ್ಟಿನಲ್ಲಿ ಅವರು ಬರೀ ಸಂಬಳ ತೋರಿಸಿರುತ್ತಾರೆ. ಇದನ್ನೂ ನಿಮ್ಮ ವಕೀಲರಿಗೆ ಹೇಳಿ.

---

ಹೊಲಿಗೆಮನೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಹನ್ನೆರಡು ದಿನ ಆಯಿತು, ಆದದ್ದನ್ನು ಬರೆಯುತ್ತೇನೆ.

ಶಾನುಭೋಗ ಸರ್, ನೀವು ಹೇಳಿದ್ದೇ ನಿಜ. ಪೆನ್ಷನ್ ನಿಂತೇ ಇಲ್ಲ! ಮೂರು ತಿಂಗಳದ್ದೂ ಪೋಸ್ಟ್ ಬ್ಯಾಂಕಿನ ಖಾತೆಯಲ್ಲಿ ಬಿದ್ದಿದೆ. ಕೇಸ್‌ವರ್ಕರ್ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ನಾನು ಮೂರು ತಿಂಗಳು ಸುಮ್ನೆ ಆ ಅಧಿಕಾರಿಯನ್ನು ಬೈದುಕೊಂಡು ಓಡಾಡಿದ್ದೆ. ಅವರು ಬಾಯಲ್ಲಿ ಹೇಳಿದ್ದಷ್ಟೇ, ಏನೂ ಬರೆದಿರಲಿಲ್ಲ. ಆದರೂ ಪಾಸ್‌ಬುಕ್ ಜೆರಾಕ್ಸ್ ಇಟ್ಟು ತಹಶೀಲ್ದಾರರಿಗೆ ಅರ್ಜಿ ಕೊಟ್ಟೆ. ಸೀಲು ಹಾಕಿಸಿಕೊಂಡೆ. ಸೀಲು ಹಾಕಲು ಆ ಹುಡುಗ "ಇದೆಲ್ಲ ಯಾರು ಹೇಳಿಕೊಟ್ಟರು" ಅಂತ ಕೇಳಿದ.

ಅಕ್ಕ, ಹಾಸನಕ್ಕೆ ಹೋಗಿ ಕಾನೂನು ಸೇವೆಯವರನ್ನು ಕಂಡೆ. ಒಬ್ಬ ಮೇಡಂ ವಕೀಲರನ್ನು ಕೊಟ್ಟಿದ್ದಾರೆ. ಹತ್ತು ತಿಂಗಳ ಬಾಕಿಗೆ ಅರ್ಜಿ ಬಿತ್ತು. ರಾಜಿ ಕಾಗದವನ್ನು ಅವರಿಗೆ ತೋರಿಸಿದೆ. ಮೂರನೇ ಪುಟದಲ್ಲಿ "ಮುಂದೆ ಯಾವುದೇ ಹಕ್ಕು ಕೇಳತಕ್ಕದ್ದಲ್ಲ" ಅಂತ ಇತ್ತು. ಬಾಕಿ 60,000 ಕೂಡ ಅದರೊಳಗೇ, ನೀವು ಹೇಳಿದ ಹಾಗೆ. ಅಂದರೆ ಕೊಡುತ್ತಿದ್ದದ್ದು 2,40,000. ಅಪ್ಪ ಬೆರಳು ಮಡಿಚಿ ತಿಂಗಳ ಲೆಕ್ಕ ಹಾಕಿದರು. ಮೂರು ವರ್ಷ ನಾಲ್ಕು ತಿಂಗಳು. ಆಮೇಲೆ ಮಾತೇ ಆಡಲಿಲ್ಲ, ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು.

ವಾರಂಟ್ ಅರ್ಜಿ ಹಾಕಿದ್ದು ಅವರಿಗೆ ಹೇಗೋ ಗೊತ್ತಾಗಿದೆ. ಮೊನ್ನೆ ರಾತ್ರಿ ಖಾತೆಗೆ 6,000 ಬಂತು. ಯಾವ ತಿಂಗಳದ್ದು ಅಂತ ಹೇಳಿಲ್ಲ. ಮೇಡಂ ಅದನ್ನು ಫೆಬ್ರವರಿಯದು ಅಂತ ಲೆಕ್ಕಕ್ಕೆ ಹಿಡಿಯುತ್ತೇವೆ ಅಂದರು.

ಈಗ ಹೊಸ ತಾಪತ್ರಯ. ಪೋಸ್ಟ್ ಬ್ಯಾಂಕಿನ ದುಡ್ಡು ತೆಗೆಯಲು ಬೆರಳು ಇಡಬೇಕಂತೆ. ಪೋಸ್ಟ್‌ಮ್ಯಾನ್ ಪಾಪ ಮಿಷನ್ ತಗೊಂಡು ಮನೆಗೇ ಬಂದಿದ್ದರು. ಇವನ ಮುಷ್ಟಿ ಬಿಡಿಸಲು ನನಗೆ ಹತ್ತು ನಿಮಿಷ ಹಿಡಿಯಿತು. ಬಿಡಿಸಿದೆ, ಹೆಬ್ಬೆಟ್ಟು ಇಟ್ಟೆ, ಅಷ್ಟರಲ್ಲಿ ಹೊರಗೆ ಯಾವುದೋ ಬಸ್ಸಿನ ಹಾರ್ನ್ ಕೇಳಿ ಖುಷಿಗೆ ಮತ್ತೆ ಮುಷ್ಟಿ ಕಟ್ಟಿಬಿಟ್ಟ. ನಾಲ್ಕು ಸಲ ಮಾಡಿದೆವು, ನಾಲ್ಕೂ ಸಲ ಫೇಲ್. ಪೆನ್ಷನ್ ಅನ್ನು ಹಳೆಯ ಬ್ಯಾಂಕ್ ಖಾತೆಗೇ ತಿರುಗಿಸಲು ಫಾರಂ ಕೊಟ್ಟಿದ್ದೇನೆ, ಅದು ಮುಂದಿನದಕ್ಕೆ ಆಯಿತು. ಈಗ ಒಳಗಿರುವ ಮೂರು ತಿಂಗಳದ್ದನ್ನು ತೆಗೆಯುವುದು ಹೇಗೆ? ಇಂಥ ಮಕ್ಕಳ ಖಾತೆಯಿಂದ ಯಾರಾದರೂ ತೆಗೆದಿದ್ದೀರಾ?